ಪುಟ್ಟ ಇಂಜಿನ್ನಿಗೆ ಹೊಸ ಮೋಟಾರು

ಮಕ್ಕಳೇ, ನಿಮ್ಮ ಮನೆಯಲ್ಲಿ ಎಷ್ಟು ಮೋಟಾರುಗಳಿವೆ ಎಂದು ಎಂದಾದರೂ ಎಣಿಸಿದ್ದೀರಾ? ಫ್ಯಾನು, ಮಿಕ್ಸಿ, ಗ್ರೈಂಡರು, ವಾಷಿಂಗ್ ಮೆಷಿನ್, ನೀರೆತ್ತುವ ಪಂಪು ಎಂದು ಐದನ್ನು ಥಟ್ಟನೆ ಹೇಳುತ್ತೀರಿ. ಫ್ರಿಜ್ಜಿನ ಹಿಂದೆ ಗುರ್ ಎನ್ನುವ ಕಂಪ್ರೆಸರಿನಲ್ಲಿ ಒಂದಿದೆ. ಕಾರಿನ ವೈಪರಿನಲ್ಲಿ ಒಂದಿದೆ. ತಂಗಿಯ ಬ್ಯಾಟರಿ ಕಾರಿನಲ್ಲೂ ಒಂದಿದೆ. ಎಣಿಕೆಗೆ ಅಜ್ಜ ಅಜ್ಜಿಯರನ್ನೂ ಕೂರಿಸಿಕೊಳ್ಳಿ. ಅಟ್ಟದ ಮೇಲೆ ಬಟ್ಟೆ ಸುತ್ತಿಟ್ಟ ಟೇಪ್ ರೆಕಾರ್ಡರು, ಮೂಲೆ ಸೇರಿದ ವಿಸಿಡಿ ಪ್ಲೇಯರು ಅವರಿಗೆ ಮಾತ್ರ ನೆನಪಿರುತ್ತವೆ.

ನಮ್ಮ ಮನೆಯ ಪಟ್ಟಿಯಲ್ಲಿ ಇನ್ನೊಂದು ಮೋಟಾರು ಇತ್ತು. ಅದು ಒಂದು ಮಾದರಿ ರೈಲಿನ ಇಂಜಿನ್ನಿನೊಳಗೆ ಕೂತಿತ್ತು, ಆದರೆ ತಿರುಗುತ್ತಿರಲಿಲ್ಲ. ಕಳೆದ ಬೇಸಿಗೆ ರಜೆಯಲ್ಲಿ ನಾನೂ ಹನ್ನೊಂದು ವರ್ಷದ ನನ್ನ ಮೊಮ್ಮಗಳು ಪುಟ್ಟಿಯೂ ಸೇರಿ ಅದನ್ನು ಬದಲಾಯಿಸಿದೆವು. ನಾನು ರೈಲ್ವೆಯ ಡೀಸೆಲ್ ಲೋಕೋ ಶೆಡ್ಡುಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಕ್ರೇನಿನಲ್ಲಿ ಎತ್ತಬೇಕಾದ ಮೋಟಾರುಗಳನ್ನು ಬಿಚ್ಚಿ ಜೋಡಿಸಿದ ಕೈಗೆ, ಹೆಬ್ಬೆಟ್ಟಿನಷ್ಟು ಮೋಟಾರು ಹೊಸ ಪಾಠ ಕಲಿಸಿತು. ಆ ಪಾಠವೇ ಈ ಲೇಖನ.

ಬೆಂಗಳೂರಿಗೆ ಬಂದ ಡೆಲ್ಟಿಕ್

ಈ ಇಂಜಿನ್ನನ್ನು 1986ರಲ್ಲಿ ನನ್ನ ಅಣ್ಣ ಇಂಗ್ಲೆಂಡಿನಿಂದ ತಂದಿದ್ದ. ಆಗ ಅವನಿಗೆ ಅಲ್ಲಿ ಕೆಲಸ. ಒಂದು ತಿಂಗಳ ರಜೆಗೆ ಊರಿಗೆ ಬಂದವನು, ಎಂಟು ವರ್ಷದ ನನ್ನ ಮಗನಿಗೆಂದು ಈ ರೈಲನ್ನು ಸೂಟ್‌ಕೇಸಿನಲ್ಲಿ ಸ್ವೆಟರುಗಳ ಮಧ್ಯೆ ಇಟ್ಟು ತಂದ. ನೀಲಿ ಬಣ್ಣದ ಮೈ, ಎರಡೂ ತುದಿಗೆ ಹಳದಿ ಮುಖ. ಅದು ಬ್ರಿಟನ್ನಿನ ‘ಡೆಲ್ಟಿಕ್’ ಎಂಬ ಹೆಸರಾಂತ ಡೀಸೆಲ್ ಇಂಜಿನ್ನಿನ ಮಾದರಿ.

ನಿಜವಾದ ಡೆಲ್ಟಿಕ್ ಇಂಜಿನ್ನುಗಳನ್ನು 1961 ಮತ್ತು 1962ರಲ್ಲಿ ತಯಾರಿಸಿದರು. ಇದ್ದದ್ದು ಬರೀ 22. ಒಂದೊಂದಕ್ಕೂ 3,300 ಅಶ್ವಶಕ್ತಿ. ಲಂಡನ್ನಿನಿಂದ ಎಡಿನ್‌ಬರೋ ಕಡೆಗೆ ಹೋಗುವ ವೇಗದ ರೈಲುಗಳನ್ನು ಎಳೆಯುವುದು ಅವುಗಳ ಕೆಲಸವಾಗಿತ್ತು. 1982ರ ಆರಂಭದ ಹೊತ್ತಿಗೆ ಎಲ್ಲವೂ ಸೇವೆಯಿಂದ ನಿವೃತ್ತವಾದವು. ಆರು ಮಾತ್ರ ಗುಜರಿಯಿಂದ ಪಾರಾಗಿ ಇಂದಿಗೂ ಉಳಿದಿವೆ.

ಮಾದರಿ ಎಂದರೆ ಅಂದಾಜಿನಲ್ಲಿ ಮಾಡಿದ ಆಟಿಕೆಯಲ್ಲ, ಅದರಲ್ಲಿ ಎಲ್ಲಕ್ಕೂ ಲೆಕ್ಕವಿರುತ್ತದೆ. ನಮ್ಮ ಇಂಜಿನ್ನಿನ ಲೆಕ್ಕ: ನಿಜದಲ್ಲಿ ಒಂದು ಅಡಿ ಇದ್ದದ್ದು ಇಲ್ಲಿ 4 ಮಿಲಿಮೀಟರ್. ಡೆಲ್ಟಿಕ್‌ನ ಉದ್ದ 69 ಅಡಿ 6 ಇಂಚು, ಅಂದರೆ ಅರವತ್ತೊಂಬತ್ತೂವರೆ ಅಡಿ. ಅದನ್ನು ನಾಲ್ಕರಿಂದ ಗುಣಿಸಿದರೆ 278 ಮಿಲಿಮೀಟರ್. ಪುಟ್ಟಿ ಸ್ಕೇಲು ಹಿಡಿದು ಅಳೆದೇಬಿಟ್ಟಳು. ಈ ಅಳತೆಗೆ ‘ಓಓ’ ಎಂದು ಹೆಸರು. ನಿಜಕ್ಕಿಂತ ಸುಮಾರು 76 ಪಟ್ಟು ಚಿಕ್ಕದು.

ಇಲ್ಲೊಂದು ಸ್ವಾರಸ್ಯವಿದೆ. ಮೈ 76 ಪಟ್ಟು ಚಿಕ್ಕದಾದರೂ ಹಳಿ ಮಾತ್ರ 87 ಪಟ್ಟು ಚಿಕ್ಕದು! ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ಯುರೋಪಿನ ಉಳಿದ ದೇಶಗಳಲ್ಲಿ ಮೈ ಮತ್ತು ಹಳಿ ಎರಡನ್ನೂ 87 ಪಟ್ಟು ಚಿಕ್ಕದು ಮಾಡುವ ‘ಎಚ್‌ಓ’ ಅಳತೆ ರೂಢಿಯಲ್ಲಿದೆ. ಬ್ರಿಟನ್ನಿನಲ್ಲಿ ಯಾಕೆ ಬೇರೆ? ಉತ್ತರ: ಮೋಟಾರು. ಬ್ರಿಟನ್ನಿನ ರೈಲು ಸುರಂಗ, ಸೇತುವೆಗಳೆಲ್ಲ ಇಕ್ಕಟ್ಟು. ಹಾಗಾಗಿ ಅಲ್ಲಿಯ ಇಂಜಿನ್ನುಗಳ ಮೈಯೂ ಸಣ್ಣದು. ನೂರು ವರ್ಷದ ಹಿಂದೆ ಅವನ್ನು 87 ಪಟ್ಟು ಚಿಕ್ಕದು ಮಾಡಿದರೆ ಅಂದಿನ ಮೋಟಾರು ಅದರೊಳಗೆ ಹಿಡಿಸುತ್ತಲೇ ಇರಲಿಲ್ಲ. ಮೋಟಾರಿಗೆ ಜಾಗ ಮಾಡಿಕೊಡಲು ಮೈಯನ್ನು ಸ್ವಲ್ಪ ಹಿಗ್ಗಿಸಿದರು, ಹಳಿಯನ್ನು ಮಾತ್ರ ಇದ್ದ ಹಾಗೇ ಬಿಟ್ಟರು. ಅಂಗಿಗೆ ತಕ್ಕ ಆಳನ್ನು ಹುಡುಕಿದ ಹಾಗೆ, ಮೋಟಾರಿಗೆ ತಕ್ಕ ರೈಲು!

ಹಳಿಯೇ ವೈರು

‘ತಾತ, ಇದಕ್ಕೆ ಬ್ಯಾಟರಿ ಎಲ್ಲಿ ಹಾಕೋದು?’ ಪುಟ್ಟಿಯ ಮೊದಲ ಪ್ರಶ್ನೆ ಅದೇ. ಬ್ಯಾಟರಿ ಇಲ್ಲವೇ ಇಲ್ಲ. ಎರಡು ಹಳಿಗಳೇ ಎರಡು ವೈರುಗಳು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದ ಕಂಟ್ರೋಲರ್ ಎಂಬ ಪೆಟ್ಟಿಗೆ, ಮನೆಯ 230 ವೋಲ್ಟ್ ಕರೆಂಟನ್ನು 12 ವೋಲ್ಟಿನ ಡಿ.ಸಿ.ಗೆ ಇಳಿಸಿ ಹಳಿಗಳಿಗೆ ಕೊಡುತ್ತದೆ. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಇಂಜಿನ್ನಿನ ಲೋಹದ ಗಾಲಿಗಳು ಹಳಿಯಿಂದ ಕರೆಂಟನ್ನು ಎತ್ತಿಕೊಂಡು ಮೋಟಾರಿಗೆ ಮುಟ್ಟಿಸುತ್ತವೆ. ಒಂದು ಬದಿಯ ಗಾಲಿಗೂ ಇನ್ನೊಂದು ಬದಿಯ ಗಾಲಿಗೂ ನಡುವೆ ಪ್ಲಾಸ್ಟಿಕ್ಕಿನ ತಡೆ ಇರುತ್ತದೆ. ಇಲ್ಲದಿದ್ದರೆ ಗಾಲಿಯ ಮೂಲಕವೇ ಶಾರ್ಟ್ ಆಗಿಬಿಡುತ್ತದೆ.

ಗುಂಡಿ ಹೆಚ್ಚು ತಿರುಗಿಸಿದರೆ ವೋಲ್ಟೇಜ್ ಏರಿ ರೈಲು ಜೋರಾಗಿ ಓಡುತ್ತದೆ. ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ಹಿಂದಕ್ಕೆ ಓಡುತ್ತದೆ. ಇಂಥ ರೈಲುಗಳಿಗೆಲ್ಲ ಒಂದು ಒಪ್ಪಂದವಿದೆ: ಇಂಜಿನ್ನಿನ ಬಲಗಡೆಯ ಹಳಿ ಪ್ಲಸ್ ಆದಾಗ ಅದು ಮುಂದಕ್ಕೆ ಹೋಗಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬ್ರಷ್ ಅಂದರೆ ಹಲ್ಲುಜ್ಜುವುದಲ್ಲ

ಮೋಟಾರಿನೊಳಗೆ ಇರುವುದು ಸರಳ ಸಂಗತಿ. ಸುರುಳಿ ಸುತ್ತಿದ ತಂತಿಯಲ್ಲಿ ಕರೆಂಟು ಹರಿದರೆ ಆ ಸುರುಳಿ ಅಯಸ್ಕಾಂತವಾಗುತ್ತದೆ. ಪಕ್ಕದಲ್ಲಿ ಇನ್ನೊಂದು ಅಯಸ್ಕಾಂತವಿದ್ದರೆ ಇವೆರಡೂ ಎಳೆದಾಡಿ, ನೂಕಾಡಿ ಸುರುಳಿ ತಿರುಗುತ್ತದೆ. ಕರೆಂಟು ಮತ್ತು ಅಯಸ್ಕಾಂತ ಸೇರಿದರೆ ತಿರುಗಾಟ ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1821ರಲ್ಲೇ ಮಾಡಿ ತೋರಿಸಿದ್ದರು.

ನಮ್ಮ ಪುಟ್ಟ ಮೋಟಾರಿನಲ್ಲಿ ತಿರುಗುವ ಭಾಗಕ್ಕೆ, ಅಂದರೆ ಆರ್ಮೇಚರಿಗೆ, ಮೂರು ಕೈ. ಒಂದೊಂದಕ್ಕೂ ಒಂದೊಂದು ಸುರುಳಿ. ಎರಡೇ ಕೈ ಇದ್ದಿದ್ದರೆ ಎಲ್ಲೋ ಒಂದು ಕಡೆ ಅಯಸ್ಕಾಂತಕ್ಕೆ ನೇರವಾಗಿ ನಿಂತು ಅಲ್ಲೇ ಅಂಟಿಕೊಳ್ಳುತ್ತಿತ್ತು. ಮೂರಿದ್ದರೆ ಯಾವಾಗಲೂ ಒಂದಾದರೂ ಕೈ ಎಳೆಯಲು ಸಿದ್ಧವಿರುತ್ತದೆ. ಆರ್ಮೇಚರಿನ ಒಂದು ಬದಿಗೆ ಮೂರು ತಾಮ್ರದ ತುಂಡುಗಳಿರುವ ಬಿಲ್ಲೆ ಇದೆ. ಅದು ಕಮ್ಯುಟೇಟರ್. ಅದಕ್ಕೆ ಒತ್ತಿಕೊಂಡು ಎರಡು ಕಾರ್ಬನ್ ತುಣುಕುಗಳು ಸ್ಪ್ರಿಂಗಿನ ಬಲದಿಂದ ನಿಂತಿರುತ್ತವೆ. ಅವುಗಳ ಹೆಸರು ಬ್ರಷ್. ಕೂದಲಿಲ್ಲ, ಹಲ್ಲುಜ್ಜಲು ಬರುವುದಿಲ್ಲ! ತಿರುಗುತ್ತಿರುವ ಬಿಲ್ಲೆಯನ್ನು ಸವರುತ್ತಲೇ ಅದಕ್ಕೆ ಕರೆಂಟು ದಾಟಿಸುವುದು ಅವುಗಳ ಕೆಲಸ. ನಿಮ್ಮ ಮನೆಯ ಮಿಕ್ಸಿಯಲ್ಲೂ ಇಂಥವೇ ಇವೆ. ಚಟ್ನಿ ರುಬ್ಬುವಾಗ ಕೆಳಗಿನ ಸಂದಿಯಲ್ಲಿ ನೀಲಿ ಕಿಡಿ ಕಂಡರೆ ಅದು ಬ್ರಷ್ಷಿನದು. ‘ಕಾರ್ಬನ್ ಸವೆದಿದೆ’ ಎಂದು ರಿಪೇರಿಯವರು ಹೇಳುವುದು ಇದನ್ನೇ.

1986ರಲ್ಲಿ ಈ ರೈಲು ಓಡಿದಾಗಲೆಲ್ಲ ನಮ್ಮ ಕಪ್ಪು ಬಿಳುಪು ಟಿವಿಯ ಮೇಲೆ ಅಡ್ಡ ಗೆರೆಗಳು ಕುಣಿಯುತ್ತಿದ್ದವು. ಅದೂ ಬ್ರಷ್ಷಿನ ಕಿಡಿಯ ಕಾಟವೇ. ಭಾನುವಾರದ ಸಿನಿಮಾ ಹೊತ್ತಿನಲ್ಲಿ ರೈಲು ಬಂದ್!

ನಾನು ಶೆಡ್ಡಿನಲ್ಲಿ ನೋಡಿಕೊಳ್ಳುತ್ತಿದ್ದ ಡಬ್ಲ್ಯುಡಿಎಂ-2 ಇಂಜಿನ್ನಿನಲ್ಲೂ ಇದೇ ವ್ಯವಸ್ಥೆ. ಅಲ್ಲಿ ಡೀಸೆಲ್ ಉರಿಯುವುದು ಕರೆಂಟು ಹುಟ್ಟಿಸಲಿಕ್ಕೆ. ಗಾಲಿಯನ್ನು ತಿರುಗಿಸುವುದು ಅಡಿಯಲ್ಲಿರುವ ಆರು ಟ್ರ್ಯಾಕ್ಷನ್ ಮೋಟಾರುಗಳು. ಮೋಟಾರಿನ ತುದಿಯ ಚಿಕ್ಕ ಗಿಯರಿಗೆ 18 ಹಲ್ಲು, ಅಚ್ಚಿನ ಮೇಲಿನ ದೊಡ್ಡ ಗಿಯರಿಗೆ 65. ಅಂದರೆ ಗಾಲಿ ಒಂದು ಸುತ್ತು ಬರಲು ಮೋಟಾರು ಮೂರೂವರೆಗಿಂತ ಸ್ವಲ್ಪ ಹೆಚ್ಚು ಸುತ್ತು ಬರಬೇಕು. ವೇಗ ಬಿಟ್ಟುಕೊಟ್ಟು ಬಲ ಪಡೆಯುವ ಉಪಾಯ ಇದು. ಪುಟ್ಟ ಇಂಜಿನ್ನಿನಲ್ಲಿ ಗಿಯರುಗಳು ಪ್ಲಾಸ್ಟಿಕ್ಕಿನವು, ಉಪಾಯ ಮಾತ್ರ ಅದೇ.

ಮೂರು ಅಳತೆ, ಒಂದು ಕಾಯಿಲೆ

ನಮ್ಮ ಡೆಲ್ಟಿಕ್ ವಿಚಿತ್ರವಾಗಿ ಕುಂಟುತ್ತಿತ್ತು. ಸುಮ್ಮನೆ ಗುಂಡಿ ತಿರುಗಿಸಿದರೆ ಏಳುತ್ತಿರಲಿಲ್ಲ. ಬೆರಳಿನಿಂದ ನೂಕಿದರೆ ಒಂದು ಗೇಣು ಓಡಿ ನಿಲ್ಲುತ್ತಿತ್ತು. ಸುಟ್ಟ ವಾರ್ನಿಷಿನ ವಾಸನೆ ಬೇರೆ.

ಮಲ್ಟಿಮೀಟರ್ ಎಂಬ ಅಳತೆಯ ಪೆಟ್ಟಿಗೆಯನ್ನು ಪುಟ್ಟಿಯ ಕೈಗೆ ಕೊಟ್ಟೆ. ಆರ್ಮೇಚರನ್ನು ಹೊರತೆಗೆದು, ಮೂರು ತಾಮ್ರದ ತುಂಡುಗಳನ್ನು ಎರಡೆರಡಾಗಿ ಅಳೆಯಬೇಕು. ಆರೋಗ್ಯವಾಗಿದ್ದರೆ ಮೂರೂ ಸಲ ಒಂದೇ ಅಳತೆ ಬರಬೇಕು. ನಮಗೆ ಬಂದದ್ದು 12 ಓಮ್, 12 ಓಮ್, 24 ಓಮ್.

‘ಒಂದು ಮಾತ್ರ ಡಬಲ್ ಯಾಕೆ ತಾತ?’

ನಾನು ಹಾಳೆಯ ಮೇಲೆ ಒಂದು ತ್ರಿಕೋನ ಬರೆದೆ. ಮೂರು ಮೂಲೆ ಮೂರು ತಾಮ್ರದ ತುಂಡು, ಮೂರು ಬಾಹು ಮೂರು ಸುರುಳಿ. ‘ಒಂದು ಬಾಹು ಅಳಿಸಿಬಿಡು. ಈಗ ಆ ಎರಡು ಮೂಲೆಗಳ ಮಧ್ಯೆ ಹೋಗಬೇಕಾದರೆ ಹೇಗೆ ಹೋಗ್ತೀಯ?’

ಅವಳು ಪೆನ್ಸಿಲನ್ನು ಸುತ್ತುಬಳಸಿ ಎಳೆದು, ‘ಎರಡು ಸುರುಳಿ ದಾಟಿ ಹೋಗ್ಬೇಕು! ಅದಕ್ಕೇ 24! ಹಾಗಾದ್ರೆ ಒಂದು ತಂತಿ ಕಿತ್ತಿದೆ’ ಎಂದಳು. ಒಳಗೆ ಕಣ್ಣಿಗೆ ಕಾಣದ ಕಾಯಿಲೆಯನ್ನು ಮೂರು ಸಂಖ್ಯೆಗಳಿಂದ ಹಿಡಿದಳು. ಶೆಡ್ಡಿನಲ್ಲಿ ಹೊಸ ಹುಡುಗರಿಗೆ ಇದನ್ನೇ ಕಲಿಸಲು ನನಗೆ ವಾರಗಟ್ಟಲೆ ಹಿಡಿಯುತ್ತಿತ್ತು.

ತಂತಿಯನ್ನು ಹೊಸದಾಗಿ ಸುತ್ತಿಸಬಹುದಿತ್ತು. ಆದರೆ ಕಮ್ಯುಟೇಟರಿನ ತಾಮ್ರವೂ ಬ್ರಷ್ ಉಜ್ಜಿ ಉಜ್ಜಿ ತಳ ಕಂಡಿತ್ತು, ಒಂದು ತುಂಡು ಮೇಲೆದ್ದಿತ್ತು. ಮೂವತ್ತೆಂಟು ವರ್ಷ ದುಡಿದ ಮೋಟಾರು ಅದು. ಇನ್ನು ಬದಲಾಯಿಸುವುದೇ ದಾರಿ.

ಅದೇ ಇಂಜಿನ್ನೋ, ಬೇರೆಯೋ?

ಇಲ್ಲಿ ನನಗೊಂದು ಸಂಕಟವಿತ್ತು. ಇಂಜಿನ್ ತಂದ ಅಣ್ಣನಿಗೆ ಈಗ ಎಂಬತ್ತೆರಡು. ಮೈಸೂರಿನಲ್ಲಿದ್ದಾನೆ. ಗ್ಲಾಕೋಮಾದಿಂದ ನಾಲ್ಕು ವರ್ಷದಿಂದ ಎರಡೂ ಕಣ್ಣು ಕಾಣುವುದಿಲ್ಲ. ಯುಗಾದಿ ದಿನ ಫೋನಿನಲ್ಲಿ ಮಾತಾಡುವಾಗ, ‘ಆ ರೈಲು ಇದೆಯೇನೋ? ಅದರ ಶಬ್ದ ಇನ್ನೊಂದು ಸಲ ಕೇಳ್ಬೇಕು ಕಣೋ’ ಎಂದಿದ್ದ.

ಅವನು ಕೇಳಿದ್ದು ಶಬ್ದ. ಹಳೆಯ ಮೋಟಾರಿನದು ಗುರ್‌ಗುರ್ ಎಂಬ ಗಡಸು ಗಂಟಲು. ಹೊಸದು ಮೆತ್ತಗೆ ಓಡುತ್ತದೆ. ಕಣ್ಣಿಲ್ಲದವನ ಮುಂದೆ ಬೇರೆ ಶಬ್ದದ ರೈಲು ಓಡಿಸಿ ‘ಅದೇ ಇದು’ ಎಂದರೆ ನಂಬುತ್ತಾನೆಯೇ? ಈ ಯೋಚನೆಯನ್ನು ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆ.

‘ಮೋಟಾರು ಬೇರೆ ಆದ್ಮೇಲೆ ಅದು ದೊಡ್ಡತಾತ ತಂದ ಇಂಜಿನ್ನೇ ಅಲ್ವಲ್ಲ?’ ಎಂದು ಪುಟ್ಟಿ ಕೇಳಿದಳು.

ಪುಟ್ಟಿಯ ಅಜ್ಜಿ ಅನ್ನ ಬಡಿಸುತ್ತಿದ್ದವಳು, ‘ನನಗೆ ಎರಡು ಮೊಣಕಾಲೂ ಹೊಸದು ಹಾಕಿದಾರೆ. ನಾನು ನಿನ್ನ ಅಜ್ಜಿ ಅಲ್ವೇನೇ?’ ಎಂದಳು. ಪುಟ್ಟಿ ನಕ್ಕಳು, ಆದರೆ ಪ್ರಶ್ನೆ ಬಿಡಲಿಲ್ಲ.

ರೈಲ್ವೆಯಲ್ಲಿ ಇದಕ್ಕೊಂದು ಉತ್ತರ ಇದೆ. ಶೆಡ್ಡಿಗೆ ಬಂದ ಇಂಜಿನ್ನಿನ ಮೋಟಾರು ಕೆಟ್ಟಿದ್ದರೆ, ಅದು ರಿಪೇರಿಯಾಗುವ ತನಕ ಇಂಜಿನ್ನನ್ನು ನಿಲ್ಲಿಸಿಕೊಂಡು ಕೂರುವುದಿಲ್ಲ. ಸಿದ್ಧವಿರುವ ಇನ್ನೊಂದು ಮೋಟಾರು ಹಾಕಿ ಕಳಿಸುತ್ತೇವೆ. ಕೆಟ್ಟದ್ದು ರಿಪೇರಿಯಾಗಿ ಮುಂದೆ ಇನ್ಯಾವುದೋ ಇಂಜಿನ್ ಸೇರುತ್ತದೆ. ಗಾಲಿ, ಮೋಟಾರು, ಬ್ಯಾಟರಿ ಎಲ್ಲ ಬದಲಾಗುತ್ತಲೇ ಇರುತ್ತವೆ, ಇಂಜಿನ್ನಿನ ಮೈಮೇಲಿನ ನಂಬರು ಮಾತ್ರ ಒಂದೇ. ನಿಜವಾದ ಡೆಲ್ಟಿಕ್‌ಗಳ ಕಥೆಯೂ ಇದೇ. ಒಂದೊಂದರಲ್ಲಿ ಎರಡೆರಡು ನೇಪಿಯರ್ ಎಂಜಿನ್‌ಗಳಿದ್ದವು. ಮೂಲದಲ್ಲಿ ನೌಕಾಪಡೆಯ ದೋಣಿಗಳಿಗೆಂದು ರೂಪಿಸಿದ ಜಾತಿಯವು. ಅವನ್ನು ಆಗಾಗ ಇಡಿಯಾಗಿ ಎತ್ತಿ, ಸರಿಮಾಡಿಟ್ಟ ಬೇರೆಯದನ್ನು ಕೂರಿಸಿ ಓಡಿಸುತ್ತಿದ್ದರು. ‘ದೊಡ್ಡ ಡೆಲ್ಟಿಕ್‌ಗೇ ಎಷ್ಟೋ ಸಲ ಹೃದಯ ಬದಲಾಗಿದೆ, ಚಿಕ್ಕದಕ್ಕೆ ಒಂದು ಸಲ ಆಗಬಾರದೇ?’ ಎಂದೆ. ಪುಟ್ಟಿ ಒಪ್ಪಿದಳು. ಅಣ್ಣ ಒಪ್ಪುತ್ತಾನೋ ಇಲ್ಲವೋ ಎಂಬುದು ಉಳಿಯಿತು.

ವಿಸಿಡಿ ಪ್ಲೇಯರಿನಿಂದ ಇಂಜಿನ್ನಿಗೆ

ಈ ಬಗೆಯ ಚಪ್ಪಟೆ ಮೋಟಾರುಗಳಿರುವ ಹಳೆಯ ಇಂಜಿನ್ನುಗಳಿಗೆ ಸಿಡಿ ಪ್ಲೇಯರಿನ ಮೋಟಾರು ಹಾಕುವುದು ಮಾದರಿ ರೈಲಿನ ಹವ್ಯಾಸಿಗಳಲ್ಲಿ ಚೆನ್ನಾಗಿ ಬಳಕೆಯಲ್ಲಿದೆ. ನಮ್ಮಲ್ಲಿ ಮಗನ ಮದುವೆಯ ವಿಸಿಡಿ ನೋಡುತ್ತಿದ್ದ ಪ್ಲೇಯರು ಅಟ್ಟದಲ್ಲಿತ್ತು. ಅದರ ಬಿಲ್ಲೆ ತಿರುಗಿಸುವ ಮೋಟಾರು ಸುಮಾರು 24 ಮಿಲಿಮೀಟರ್ ಅಗಲ, ಶಾಫ್ಟ್ 2 ಮಿಲಿಮೀಟರ್ ದಪ್ಪ, ಎರಡೇ ವೈರು. ಎರಡು ಪೆನ್ಸಿಲ್ ಸೆಲ್ ಮುಟ್ಟಿಸಿದರೆ ತಿರುಗಿತು. ಒಂದು ಎಚ್ಚರಿಕೆ: ಕಂಪ್ಯೂಟರಿನ ಸಿಡಿ ಡ್ರೈವಿನಲ್ಲಿ ಬಿಲ್ಲೆ ತಿರುಗಿಸುವ ಮೋಟಾರಿಗೆ ಪಟ್ಟಿಯಂಥ ಹಲವು ವೈರುಗಳಿರುತ್ತವೆ. ಅದರಲ್ಲಿ ಬ್ರಷ್ ಇಲ್ಲ, ನೇರವಾಗಿ ಡಿ.ಸಿ. ಕೊಟ್ಟರೆ ತಿರುಗುವುದಿಲ್ಲ. ಇದಕ್ಕೆ ಆಗಿಬರುವುದಿಲ್ಲ.

ಮೊದಲು ಇಂಜಿನ್ನಿನ ಮೈ ತೆಗೆದೆವು. ಅದು ಪಕ್ಕದ ಕೊಕ್ಕೆಗಳಲ್ಲಿ ಸಿಕ್ಕಿಕೊಂಡಿರುತ್ತದೆ. ಮೈಯನ್ನು ಮೆಲ್ಲಗೆ ಅಗಲಿಸಿ ನಡುವೆ ಟೂತ್‌ಪಿಕ್ ತೂರಿಸಿದರೆ ಬಿಟ್ಟುಕೊಳ್ಳುತ್ತದೆ. ಬಿಚ್ಚುವ ಮುಂಚೆ ಪುಟ್ಟಿ ಪ್ರತಿ ವೈರಿನ ಫೋಟೋ ತೆಗೆದಳು. ಸ್ಕ್ರೂಗಳಿಗೆ ಅಂಚಿರುವ ಸ್ಟೀಲ್ ತಟ್ಟೆ. ಬ್ರಷ್ಷಿನ ಸ್ಪ್ರಿಂಗ್ ತೆಗೆಯುವಾಗ ಇಂಜಿನ್ನನ್ನೂ ಕೈಯನ್ನೂ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಇಟ್ಟುಕೊಂಡೆವು. ಸ್ಪ್ರಿಂಗ್ ಚಿಮ್ಮಿದರೂ ಕವರಿನೊಳಗೇ ಬೀಳುತ್ತದೆ.

ಹಳೆಯ ಆರ್ಮೇಚರಿನ ತುದಿಯಲ್ಲಿದ್ದ ಚಿಕ್ಕ ಗಿಯರು, ಅಂದರೆ ಪಿನಿಯನ್, ಹೊಸ ಮೋಟಾರಿಗೆ ಬೇಕಿತ್ತು. ಅದನ್ನು ಮುರಿಯದೆ ಕೀಳುವುದು ನಾಜೂಕಿನ ಕೆಲಸ. ನಮ್ಮ ರಸ್ತೆಯ ತಿರುವಿನಲ್ಲಿ ಗೂಡಂಗಡಿಯಷ್ಟೇ ಜಾಗದಲ್ಲಿ ಕೂರುವ ವಾಚ್ ರಿಪೇರಿಯವರ ಬಳಿ ಹೋದೆವು. ಅವರು ಕಣ್ಣಿಗೆ ಮಸೂರ ಸಿಕ್ಕಿಸಿ ನೋಡಿ, ‘ಇದೇನ್ ಸಾರ್, ಯಾವ ಗಡಿಯಾರದ್ದು?’ ಎಂದರು. ರೈಲಿನದು ಎಂದಾಗ ಪುಟ್ಟಿಯನ್ನು ಸ್ಟೂಲಿನ ಮೇಲೆ ಕೂರಿಸಿಕೊಂಡು ತೋರಿಸಿದರು. ಪಿನಿಯನ್ನಿನ ತೂತು ಶಾಫ್ಟಿಗಿಂತ ಕೂದಲೆಳೆಯಷ್ಟು ಚಿಕ್ಕದಿರಬೇಕು, ಆಗಲೇ ಒತ್ತಿ ಕೂರಿಸಿದರೆ ಜಾರುವುದಿಲ್ಲ. ಸ್ವಲ್ಪ ಸ್ವಲ್ಪವೇ ಕೆರೆದು, ನೋಡಿ, ಮತ್ತೆ ಕೆರೆದು, ಅರ್ಧ ಗಂಟೆಯಲ್ಲಿ ಕೂರಿಸಿಕೊಟ್ಟರು. ದುಡ್ಡು ಕೊಡಹೋದರೆ, ‘ಓಡಿದ ಮೇಲೆ ಮಗು ಬಂದು ಹೇಳ್ಲಿ, ಸಾಕು’ ಎಂದರು.

ಹೊಸ ಮೋಟಾರು ಹಳೆಯ ಗೂಡಿನಲ್ಲಿ ಕೂರಲು ಗೂಡಿನ ಅಂಚನ್ನು ಅರದಿಂದ ಅಲ್ಲಲ್ಲಿ ಉಜ್ಜಬೇಕಾಯಿತು. ಇನ್ನು ಮುಖ್ಯ ಹಂತ. ಎರಡು ಗಿಯರುಗಳ ಹಲ್ಲು ಒಂದಕ್ಕೊಂದು ತೀರಾ ಒತ್ತಿಕೊಂಡರೆ ಮೋಟಾರು ಬಿಗಿಯುತ್ತದೆ, ತೀರಾ ದೂರವಾದರೆ ಹಲ್ಲು ತಪ್ಪುತ್ತದೆ. ಅದಕ್ಕೆ ಹಳೆಯ ಉಪಾಯ: ನಡುವೆ ತೆಳ್ಳಗಿನ ಕಾಗದದ ಪಟ್ಟಿ ಇಟ್ಟು ಗಿಯರುಗಳನ್ನು ಒತ್ತಿ ಹಿಡಿದು, ಎರಡು ಟ್ಯೂಬುಗಳ ಎಪಾಕ್ಸಿ ಅಂಟು ಹಾಕುವುದು. ಅಂಟು ಗಟ್ಟಿಯಾದ ಮೇಲೆ ಗಿಯರು ತಿರುಗಿಸಿ ಕಾಗದವನ್ನು ಹೊರತೆಗೆದರೆ, ಬೇಕಾದಷ್ಟೇ ಸಂದಿ ಉಳಿಯುತ್ತದೆ. ನಾವು ಒಂದು ರಾತ್ರಿ ಕಾದೆವು. ಬೆಳಿಗ್ಗೆ ಹಲ್ಲುಜ್ಜುವ ಮುಂಚೆಯೇ ಪುಟ್ಟಿ ಕಾಗದ ಎಳೆದಿದ್ದಳು.

ವೈರುಗಳನ್ನು ಬೆಸೆಯುವ ಮುಂಚೆ ಸುಮ್ಮನೆ ಸುತ್ತಿ ಹಳಿಯ ಮೇಲಿಟ್ಟು ನೋಡಿದೆವು. ಬಲಗಡೆಯ ಹಳಿ ಪ್ಲಸ್, ಆದರೆ ಇಂಜಿನ್ ಹಿಂದಕ್ಕೆ ಹೊರಟಿತು. ‘ಒಪ್ಪಂದ ಮುರೀತು!’ ಎಂದಳು ಪುಟ್ಟಿ. ಎರಡು ವೈರು ಅದಲು ಬದಲು ಮಾಡಿದರೆ ಮುಗಿಯಿತು. ಆಮೇಲೆ ನಾನು ಬೆಸೆದೆ.

ಈ ಮೋಟಾರಿಗೆ ಸುಮಾರು 6 ವೋಲ್ಟ್ ಸಾಕು, ಕಂಟ್ರೋಲರ್ ಕೊಡುವುದು 12. ಹಾಗಾಗಿ 33 ಓಮ್, 2 ವಾಟಿನ ಒಂದು ರೆಸಿಸ್ಟರನ್ನು ದಾರಿಯಲ್ಲಿ ಸೇರಿಸಿದೆವು. ಕಂಟ್ರೋಲರಿನ ಗುಂಡಿಗೆ ಮುಕ್ಕಾಲು ಸುತ್ತಿನಲ್ಲಿ ಕೆಂಪು ಗುರುತು ಹಾಕಿದೆವು. ಅದನ್ನು ದಾಟುವ ಹಾಗಿಲ್ಲ. ದೊಡ್ಡ ಅಯಸ್ಕಾಂತ ಹೋಗಿ ಇಂಜಿನ್ ಹಗುರವಾಗಿ ಗಾಲಿ ಜಾರತೊಡಗಿದ್ದರಿಂದ, ಮೇಲೆ ನಾಲ್ಕು ಕಬ್ಬಿಣದ ನಟ್ಟು ಅಂಟಿಸಿದೆವು. ಗಿಯರಿಗೆ ಸೂಜಿಯ ತುದಿಯಲ್ಲಿ ಒಂದೊಂದೇ ತೊಟ್ಟು ಹೊಲಿಗೆ ಯಂತ್ರದ ಎಣ್ಣೆ. ತೆಂಗಿನೆಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ.

ಗಾಲಿಗಳ ಕಪ್ಪು ಕೊಳೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸುವಾಗ ಪುಟ್ಟಿಗೆ ಹಿಂದಿನ ಒಂದು ಗಾಲಿಯ ಅಂಚಿನಲ್ಲಿ ಸಣ್ಣ ಕಚ್ಚು ಸಿಕ್ಕಿತು. 1986ರಲ್ಲಿ ಅಣ್ಣ ಮನೆಯಲ್ಲಿದ್ದಾಗಲೇ ನನ್ನ ಮಗ ಊಟದ ಮೇಜಿನಿಂದ ರೆಡ್ ಆಕ್ಸೈಡ್ ನೆಲಕ್ಕೆ ಬೀಳಿಸಿದ್ದ ಗುರುತು ಅದು. ‘ಅರ ಹಾಕಿ ಉಜ್ಜಿಬಿಡ್ಲಾ ತಾತ?’ ಎಂದಳು. ಅದರಿಂದ ಹಳಿ ತಪ್ಪುವುದಿಲ್ಲ, ಇರಲಿ ಬಿಡು ಎಂದೆ.

ಮೈಸೂರಿನಲ್ಲಿ ಓಡಿದ ರೈಲು

ಅಣ್ಣನ ಹುಟ್ಟುಹಬ್ಬಕ್ಕೆ ಹಳಿ, ಕಂಟ್ರೋಲರ್, ಇಂಜಿನ್ ಎಲ್ಲವನ್ನೂ ಡಬ್ಬಿಯಲ್ಲಿಟ್ಟುಕೊಂಡು ಮೈಸೂರಿಗೆ ಹೋದೆವು. ಮೇಜಿನ ಮೇಲೆ ಹಳಿಯ ವೃತ್ತ ಜೋಡಿಸಿದೆವು. ಅಣ್ಣ ಕುರ್ಚಿ ಎಳೆದುಕೊಂಡು ಕೂತು ಎರಡೂ ಕೈಯನ್ನು ಮೇಜಿನ ಅಂಚಿಗೆ ಊರಿದ. ಪುಟ್ಟಿ ಗುಂಡಿ ತಿರುಗಿಸಿದಳು.

ಅಣ್ಣ ತಲೆ ಓರೆ ಮಾಡಿ ಕೇಳಿದ. ಒಂದು ಸುತ್ತು, ಎರಡು ಸುತ್ತು. ‘ಇದಲ್ಲ ಕಣೋ’ ಎಂದ. ‘ಅದು ಗುರ್ ಅಂತಿತ್ತು. ಇದು ಬೆಕ್ಕಿನ ಮರಿ.’

ಪುಟ್ಟಿಯ ಮುಖ ಸಣ್ಣಗಾಯಿತು. ‘ದೊಡ್ಡತಾತ, ಮೋಟಾರು ಮಾತ್ರ ಹೊಸದು’ ಎಂದಳು.

ಅವನು ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದ. ‘ನಿಧಾನ ಓಡ್ಸು ಮಗಾ.’ ಅವಳು ಗುಂಡಿಯನ್ನು ಇಳಿಸಿದಳು. ರೈಲು ತೆವಳುವಷ್ಟು ನಿಧಾನವಾಯಿತು. ಆಗ ಕೇಳಿಸಿತು. ಟಿಕ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್. ಗಾಲಿಯ ಒಂದೊಂದು ಸುತ್ತಿಗೂ ಒಂದೊಂದು.

ಅಣ್ಣ ಮೇಜಿನ ಮೇಲೆ ಬೆರಳಿನಿಂದ ಅದಕ್ಕೆ ಸರಿಯಾಗಿ ತಟ್ಟತೊಡಗಿದ. ‘ನಿಮ್ಮಪ್ಪ ಬೀಳ್ಸಿದ್ನಲ್ಲ, ಆ ಗಾಲಿ ಇದು’ ಎಂದ. ಆಮೇಲೆ ಪುಟ್ಟಿಯನ್ನು ಪಕ್ಕಕ್ಕೆ ಕರೆದು, ‘ಹೇಗೆ ಬಿಚ್ಚಿದೆ ಹೇಳು, ಮೊದಲಿನಿಂದ ಹೇಳು’ ಎಂದ. ಅವಳು ಟೂತ್‌ಪಿಕ್ಕಿನಿಂದ ಶುರುಮಾಡಿ ಕಾಗದದ ಪಟ್ಟಿಯವರೆಗೆ ಒಂದನ್ನೂ ಬಿಡದೆ ಹೇಳಿದಳು. 12, 12, 24 ಎಂದಾಗ ಅಣ್ಣ ಜೋರಾಗಿ ನಕ್ಕ. ರೈಲು ಅಷ್ಟು ಹೊತ್ತೂ ಸುತ್ತುತ್ತಲೇ ಇತ್ತು. ಕೈಯಲ್ಲಿ ಮುಟ್ಟಿ ನೋಡಿದೆ, ಮೋಟಾರು ಉಗುರುಬೆಚ್ಚಗೆ ಮಾತ್ರ ಇತ್ತು.

ಆ ಇಂಜಿನ್ ಈಗ ಮೈಸೂರಿನಲ್ಲೇ ಇದೆ. ಗುಂಡಿ ತಿರುಗಿಸಲು ಕಣ್ಣು ಬೇಕಿಲ್ಲ. ಕೆಂಪು ಗುರುತು ಅವನಿಗೆ ಕಾಣದಲ್ಲ ಎಂದು ಪುಟ್ಟಿ ಆ ಜಾಗದಲ್ಲಿ ಒಂದು ಬೆಂಕಿಕಡ್ಡಿ ತುಂಡು ಅಂಟಿಸಿ ಬಂದಿದ್ದಾಳೆ. ಬೆರಳಿಗೆ ತಗುಲಿದರೆ ಅಲ್ಲಿಗೆ ನಿಲ್ಲಿಸಬೇಕು. ಬೆಂಗಳೂರಿಗೆ ಬಂದ ದಿನವೇ ವಾಚ್ ರಿಪೇರಿಯವರಿಗೂ ಸುದ್ದಿ ಮುಟ್ಟಿಸಿದಳು.

ನೀವೂ ಬಿಚ್ಚುವುದಾದರೆ

* ಪ್ಲಗ್ಗಿಗೆ ಸಿಕ್ಕಿಸಿರುವ ಯಾವ ಯಂತ್ರವನ್ನೂ ಬಿಚ್ಚಬೇಡಿ. ಹಳೆಯ ಪ್ಲೇಯರನ್ನು ದೊಡ್ಡವರೇ ಬಿಚ್ಚಲಿ. ಪ್ಲಗ್ ತೆಗೆದು ಕೆಲವು ದಿನ ಬಿಟ್ಟ ಮೇಲೂ ಅದರ ವಿದ್ಯುತ್ ಪೂರೈಕೆಯ ಹಲಗೆಯನ್ನು ಮುಟ್ಟಬೇಡಿ.

* ಬೆಸೆಯುವ ಕೆಲಸ ದೊಡ್ಡವರದು. ಬೆಸುಗೆಯಲ್ಲಿ ಸೀಸ ಇರಬಹುದು, ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕಿಟಕಿ ತೆರೆದಿರಲಿ.

* ರೈಲು ಓಡದಿದ್ದರೆ ಮೊದಲು ಹಳಿ ಮತ್ತು ಗಾಲಿ ಒರೆಸಿ ನೋಡಿ. ಎಷ್ಟೋ ಸಲ ಕಾಯಿಲೆ ಬರೀ ಕೊಳೆ. ಆಮೇಲೆ ಬ್ರಷ್ ನೋಡಿ. ಮೋಟಾರು ಬದಲಾಯಿಸುವುದು ಕೊನೆಯ ದಾರಿ.

* ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ ಅಥವಾ ಚಿತ್ರ ಬರೆದುಕೊಳ್ಳಿ. ಬಿಚ್ಚಿದ ಕ್ರಮದಲ್ಲೇ ಸಾಮಾನುಗಳನ್ನು ಸಾಲಾಗಿ ಇಡಿ.

* ಕಿತ್ತ ಹಳೆಯ ಭಾಗವನ್ನು ಎಸೆಯಬೇಡಿ. ನಮ್ಮ ಹಳೆಯ ಆರ್ಮೇಚರ್ ಒಂದು ಬೆಂಕಿಪೊಟ್ಟಣದಲ್ಲಿದೆ. ಅದರ ಮೇಲೆ ಪುಟ್ಟಿ ಬರೆದಿದ್ದಾಳೆ: ‘ಡೆಲ್ಟಿಕ್. 1986ರಿಂದ ದುಡಿದದ್ದು. ಒಂದು ತಂತಿ ಮಾತ್ರ ಕಿತ್ತಿದೆ.’